ಸಾವಿಲ್ಲದ ನಾಯಕರು: ಸೂಪರ್‌ಹೀರೋ ಕಾಮಿಕ್ಸ್, ಚಲನಚಿತ್ರ ಹಾಗೂ ಟೆಲಿವಿಷನ್ ಕಂತುಗಳ ಮೌಲ್ಯಮಾಪನ

ಜನಪ್ರಿಯ ಕಥನವನ್ನು ಕುರಿತ ನಮ್ಮ ವಿಮರ್ಶೆಯು ಪತ್ತೇದಾರಿ ಕಾದಂಬರಿ, ವೃತ್ತಿರಂಗಭೂಮಿ ಮತ್ತು ಕನ್ನಡ ಚಲನಚಿತ್ರಗಳನ್ನು ಅಷ್ಟಿಷ್ಟು ಪರಿಶೀಲಿಸಿದೆ. ಆದರೆ ಅಮೆರಿಕದಲ್ಲಿ ಹುಟ್ಟಿ ಜಗತ್ತಿನಾದ್ಯಂತ ಹರಡಿರುವ ಸೂಪರ್‌ಹೀರೋ ಕಥನವನ್ನು ಮಕ್ಕಳ ಕಾಲಹರಣದ ಸಾಮಗ್ರಿಯೆಂದು ಬದಿಗಿರಿಸುವುದೇ ವಾಡಿಕೆಯಾಗಿದೆ. ಕರ್ನಾಟಕದ ಹೊರಗೆ ಕನ್ನಡವನ್ನು ಬೋಧಿಸುವವರಿಗೂ ಸಂಶೋಧಿಸುವವರಿಗೂ ಈ ಉಪೇಕ್ಷೆ ಸಲ್ಲದು. ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ಬೆಳೆದ ಕನ್ನಡ ವಿದ್ಯಾರ್ಥಿಯೊಬ್ಬ ರನ್ನನ ದುರ್ಯೋಧನನನ್ನು ಓದುವ ಹೊತ್ತಿಗೆ ಹಲವು ಸೂಪರ್‌ಹೀರೋಗಳ ಸಾವನ್ನೂ ಅವರ ಪುನರಾಗಮನವನ್ನೂ ತೆರೆಯ ಮೇಲೆ ಕಂಡಿರುತ್ತಾನೆ. ಸಾವೆಂದರೆ ಮುಂದಿನ ಭಾಗದವರೆಗಿನ ವಿರಾಮ ಎಂಬ ನಿರೀಕ್ಷೆ ಅವನಲ್ಲಿ ರೂಢಮೂಲವಾಗಿದ್ದರೆ, ವೈಶಂಪಾಯನ ಸರೋವರದಿಂದ ಹೊರಬಂದ ಛಲದಂಕಮಲ್ಲನ ಪಾಡು ಅವನಿಗೆ ಯಾವ ಅರ್ಥವನ್ನು ಕೊಡಬಲ್ಲುದು?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಕಾಮಿಕ್ಸ್, ಚಲನಚಿತ್ರ, ಟೆಲಿವಿಷನ್ ಧಾರಾವಾಹಿ ಈ ಮೂರೂ ರೂಪಗಳಲ್ಲಿ ಹರಿದಿರುವ ಸೂಪರ್‌ಹೀರೋ ಕಥನವನ್ನು ಹೇಗೆ ಬೆಲೆಗಟ್ಟಬಹುದೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಕಾಮಿಕ್ಸಿನ ಘಟಕ ಸಂಚಿಕೆ; ಧಾರಾವಾಹಿಯ ಘಟಕ ಕಂತು; ಚಲನಚಿತ್ರದ ಘಟಕ ಭಾಗ. ಮೂರರಲ್ಲಿಯೂ ಕಥೆ ಮುಗಿಯುವುದಿಲ್ಲ ಎಂಬುದೇ ಸಮಾನಾಂಶ. ಮುಗಿದ ಕೃತಿಯೊಂದನ್ನು ಎದುರಿಗಿಟ್ಟುಕೊಂಡು ರೂಪುಗೊಂಡ ನಮ್ಮ ವಿಮರ್ಶೆಯ ಪರಿಕರಗಳು ಮುಗಿಯದ ಕಥೆಯ ಮುಂದೆ ತಡವರಿಸುವುದು ಸಹಜ. ಈ ತೊಡಕನ್ನು ಸಾವಿನ ಪ್ರಸಂಗಗಳ ಮೂಲಕ ನೋಡಿದರೆ ಅದು ಹೆಚ್ಚು ಸ್ಪಷ್ಟವಾಗುತ್ತದೆ.

ಒಡೆತನ ಮತ್ತು ಅಮರತ್ವ

1938ರಲ್ಲಿ 'ಆಕ್ಷನ್ ಕಾಮಿಕ್ಸ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡನು. ಅವನನ್ನು ಸೃಷ್ಟಿಸಿದವರು ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ತರುಣರು: ಲೇಖಕ ಜೆರ್ರಿ ಸೀಗಲ್ ಮತ್ತು ಚಿತ್ರಕಾರ ಜೋ ಶುಸ್ಟರ್. ಆ ಪಾತ್ರದ ಸಮಸ್ತ ಹಕ್ಕುಗಳನ್ನೂ ಅವರು 130 ಡಾಲರುಗಳಿಗೆ ಪ್ರಕಾಶಕರಿಗೆ ಬಿಟ್ಟುಕೊಟ್ಟರು. ಮುಂದೆ ಇಬ್ಬರೂ ಕಷ್ಟಕ್ಕೆ ಸಿಲುಕಿದರು. 1975ರಲ್ಲಿ ಸಾರ್ವಜನಿಕ ಒತ್ತಾಯದ ಫಲವಾಗಿ ಒಡೆತನದ ಸಂಸ್ಥೆಯು ತಲಾ 20,000 ಡಾಲರುಗಳ ವಾರ್ಷಿಕ ವೇತನವನ್ನೂ, ಕೃತಿಗಳಲ್ಲಿ ಅವರ ಹೆಸರನ್ನು ಮರಳಿ ನಮೂದಿಸುವುದನ್ನೂ ಒಪ್ಪಿಕೊಂಡಿತು. ಈ ಇತಿಹಾಸ ಕೇವಲ ವ್ಯಾವಹಾರಿಕವಾದುದಲ್ಲ. ಸೂಪರ್‌ಹೀರೋ ಏಕೆ ಸಾಯುವುದಿಲ್ಲ ಎಂಬುದಕ್ಕೆ ಮೊದಲ ಕಾರಣ ಇಲ್ಲಿಯೇ ಇದೆ. ಪಾತ್ರವು ಕವಿಯದಾಗಿದ್ದರೆ ಕವಿಯ ಆಶಯ ಪೂರ್ಣಗೊಂಡಾಗ ಅವನ ಕಥೆಯೂ ನಿಲ್ಲಬಹುದು. ಪಾತ್ರವು ಸಂಸ್ಥೆಯ ಆಸ್ತಿಯಾದಾಗ ಅವನ ಸಾವು ಆಸ್ತಿಯ ನಾಶವೇ ಆಗುತ್ತದೆ. ತಿಂಗಳು ತಿಂಗಳೂ ಸಂಚಿಕೆ ಹೊರಬರಬೇಕಾದ ವ್ಯವಸ್ಥೆಯಲ್ಲಿ ಅಂತ್ಯಕ್ಕೆ ಅವಕಾಶವಿಲ್ಲ.

ಇಟಲಿಯ ವಿದ್ವಾಂಸ ಉಂಬೆರ್ತೊ ಎಕೊ 1962ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದರ ಕಥನಶಾಸ್ತ್ರೀಯ ಮುಖವನ್ನು ವಿವರಿಸಿದ್ದಾನೆ. ಅವನ ವಾದದ ಸಾರ ಹೀಗಿದೆ: ಪುರಾಣದ ನಾಯಕ ಬದಲಾಗದವನು, ಕಾದಂಬರಿಯ ನಾಯಕನಾದರೋ ಕಾಲಕ್ಕೆ ಒಳಪಟ್ಟವನು, ಮಾಡಿದ ಪ್ರತಿಯೊಂದು ಕಾರ್ಯದಿಂದಲೂ ಸಾವಿಗೆ ಒಂದು ಹೆಜ್ಜೆ ಹತ್ತಿರವಾಗುವವನು. ಸೂಪರ್‌ಮ್ಯಾನ್ ಏಕಕಾಲಕ್ಕೆ ಇವೆರಡೂ ಆಗಬೇಕು. ಅವನು ಪುರಾಣಪುರುಷನಂತೆ ಸ್ಥಿರನಾಗಿರಬೇಕು, ಓದುಗನಿಗೆ ಮಾತ್ರ ಪ್ರತಿ ತಿಂಗಳೂ ಹೊಸ ಘಟನೆ ಬೇಕು. ಹಿಂದಿನ ಕಥೆ ನಡೆದೇ ಇಲ್ಲವೆಂಬಂತೆ ಪ್ರತಿಯೊಂದು ಕಥೆಯನ್ನೂ ಆರಂಭಿಸಿ, ಕಾಲದ ಅನುಕ್ರಮವನ್ನು ಮಸುಕುಗೊಳಿಸುವುದೇ ಇದಕ್ಕೆ ಕಂಡುಕೊಂಡ ಉಪಾಯ ಎಂಬುದು ಎಕೊನ ನಿರ್ಣಯ.

ಎಕೊ ಇದನ್ನು ಬರೆಯುತ್ತಿದ್ದ ಕಾಲದಲ್ಲಿಯೇ ಈ ಸ್ಥಿತಿ ಬದಲಾಗತೊಡಗಿತ್ತು. 1961ರಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ 'ಫೆಂಟಾಸ್ಟಿಕ್ ಫೋರ್' ಮಾಲೆಯನ್ನೂ, 1962ರಲ್ಲಿ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್ ಪಾತ್ರವನ್ನೂ ರೂಪಿಸಿದರು. ಈ ಕಥೆಗಳಿಗೆ ನೆನಪಿತ್ತು. ಹಿಂದಿನ ಸಂಚಿಕೆಯ ಗಾಯ ಮುಂದಿನ ಸಂಚಿಕೆಯಲ್ಲಿಯೂ ನೋಯುತ್ತಿತ್ತು. ಶಾಲಾ ಬಾಲಕನಾಗಿದ್ದ ಪೀಟರ್ ಪಾರ್ಕರ್ ಕಾಲೇಜು ಸೇರಿದನು. ಇದನ್ನು ಕಥಾಸಾತತ್ಯವೆಂದು ಕರೆಯಬಹುದು. ಕಥೆಯೊಳಗೆ ಕಾಲ ಪ್ರವೇಶಿಸಿದ ಮೇಲೆ ಅದರ ಹಿಂದೆಯೇ ಸಾವೂ ಪ್ರವೇಶಿಸಬೇಕಾಯಿತು.

ಕಾಮಿಕ್ಸಿನ ಮೂರು ಸಾವುಗಳು

ಮೊದಲನೆಯದು 1973ರಲ್ಲಿ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಮಾಲೆಯ 121ನೆಯ ಸಂಚಿಕೆಯಲ್ಲಿ ಸಂಭವಿಸಿದ ಗ್ವೆನ್ ಸ್ಟೇಸಿಯ ಸಾವು. ಬರೆದವನು ಗೆರ್ರಿ ಕಾನ್ವೇ, ಚಿತ್ರಿಸಿದವನು ಗಿಲ್ ಕೇನ್. ಸೇತುವೆಯ ಮೇಲಿಂದ ಬೀಳುತ್ತಿದ್ದ ತನ್ನ ಪ್ರೇಯಸಿಯನ್ನು ನಾಯಕನು ಜೇಡರಬಲೆಯ ನೂಲಿನಿಂದ ಹಿಡಿದು ನಿಲ್ಲಿಸುತ್ತಾನೆ. ಆ ಹಠಾತ್ ತಡೆಯಲ್ಲಿಯೇ ಅವಳ ಕತ್ತು ಮುರಿದಿರುವುದನ್ನು ಚಿತ್ರದ ಪಕ್ಕದಲ್ಲಿ ಬರೆದ ಪುಟ್ಟದೊಂದು ಧ್ವನಿಪದ ಸೂಚಿಸುತ್ತದೆ. ಕಾಪಾಡುವ ಯತ್ನವೇ ಸಾವಿಗೆ ಕಾರಣವಾದ ಈ ಸನ್ನಿವೇಶವು ದುರಂತವೆಂಬ ಹೆಸರಿಗೆ ಸಲ್ಲತಕ್ಕದ್ದು. ಮುಂದೆ ಅವಳ ಪ್ರತಿರೂಪಗಳು ಬಂದವು, ಬೇರೆ ಲೋಕಗಳ ಗ್ವೆನ್‌ಗಳೂ ಬಂದರು. ಆದರೆ ಆ ಸಾವನ್ನು ಹುಸಿಯೆಂದು ಸಾರಲು ಯಾರೂ ಮುಂದಾಗಲಿಲ್ಲ. ಸ್ಪೈಡರ್‌ಮ್ಯಾನ್ ಕಥೆಗಳಿಗೆ ಇಂದಿಗೂ ಉಳಿದಿರುವ ನೈತಿಕ ಭಾರದ ಒಂದು ಪಾಲು ಈ ಸಂಯಮದಿಂದ ಬಂದುದು.

ಎರಡನೆಯದು 1988ರ ಬ್ಯಾಟ್‌ಮ್ಯಾನ್ ಮಾಲೆಗೆ ಸೇರಿದ್ದು. ಬ್ಯಾಟ್‌ಮ್ಯಾನ್‌ನ ಕಿರಿಯ ಸಹಚರ ಜೇಸನ್ ಟಾಡ್ ಬದುಕಬೇಕೆ, ಸಾಯಬೇಕೆ ಎಂಬುದನ್ನು ಓದುಗರ ತೀರ್ಮಾನಕ್ಕೆ ಬಿಡಲಾಯಿತು. ಎರಡು ದೂರವಾಣಿ ಸಂಖ್ಯೆಗಳನ್ನು ಪ್ರಕಟಿಸಿ, ಹಣ ತೆತ್ತು ಕರೆಮಾಡುವವರ ಮತಗಳನ್ನು ಎಣಿಸಲಾಯಿತು. ಸಾಯಲೆಂದವರ ಕರೆಗಳು 5,343, ಬದುಕಲೆಂದವರವು 5,271. ಎಪ್ಪತ್ತೆರಡು ಕರೆಗಳ ಅಂತರದಲ್ಲಿ ಹುಡುಗನೊಬ್ಬನ ಮರಣ ನಿಶ್ಚಿತವಾಯಿತು. ಓದುಗನ ಅಭಿಪ್ರಾಯವು ಕೃತಿಯ ಹೊರಗಿನ ಪ್ರತಿಕ್ರಿಯೆಯಾಗಿ ಉಳಿಯದೆ ಕೃತಿಯೊಳಗಿನ ಘಟನೆಯಾಗಿ ಪರಿಣಮಿಸಿದ ಪ್ರಸಂಗವಿದು. ಇಲ್ಲಿ ಸಾವಿಗೆ ಕಥೆಯ ಒಳಗಿನ ಅನಿವಾರ್ಯತೆ ಇರಲಿಲ್ಲ. ಆದ್ದರಿಂದಲೇ 2005ರಲ್ಲಿ ಜೇಸನ್ ಟಾಡ್‌ನನ್ನು ಮರಳಿ ಕರೆತಂದಾಗ ತಡೆಯಬಲ್ಲ ಅನಿವಾರ್ಯತೆಯೂ ಇರಲಿಲ್ಲ.

ಮೂರನೆಯದು 1992ರ ಕೊನೆಯಲ್ಲಿ ಮಾರಾಟಕ್ಕೆ ಬಂದ 'ಸೂಪರ್‌ಮ್ಯಾನ್' ಮಾಲೆಯ 75ನೆಯ ಸಂಚಿಕೆ. ನಾಯಕನ ಮರಣವನ್ನು ಸಾರುವ ಈ ಸಂಚಿಕೆಯ ಒಂದು ಆವೃತ್ತಿಯನ್ನು ಕಪ್ಪು ಚೀಲದಲ್ಲಿ ಮುಚ್ಚಿ, ಒಳಗೆ ಶೋಕಸೂಚಕವಾದ ಕಪ್ಪು ತೋಳಪಟ್ಟಿಯನ್ನಿರಿಸಿ ಮಾರಲಾಯಿತು. ಮುಂದೆ ಬೆಲೆ ಏರುವುದೆಂಬ ಆಸೆಯಿಂದ ಹಲವರು ಹಲವು ಪ್ರತಿಗಳನ್ನು ಕೊಂಡು, ಚೀಲವನ್ನು ತೆರೆಯದೆಯೇ ಇಟ್ಟುಕೊಂಡರು. 1993ರಲ್ಲಿ ಸೂಪರ್‌ಮ್ಯಾನ್ ಹಿಂದಿರುಗಿದನು. ಇಂಥ ಸಂಗ್ರಹದ ಹುಚ್ಚು ಇಳಿದಾಗ ಕಾಮಿಕ್ಸ್ ಮಾರುಕಟ್ಟೆಯೇ ಕುಸಿಯಿತು. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಸಂಸ್ಥೆ ದಿವಾಳಿ ರಕ್ಷಣೆಯನ್ನು ಕೋರಿತು. ಓದದೆಯೇ ಕೊಂಡಿಟ್ಟ ಸಾವು ಎಂಬುದು ಈ ಪ್ರಕಾರದ ಅತ್ಯಂತ ಕಟುವಾದ ರೂಪಕವೆನ್ನಬಹುದು.

ಪುನರಾವೃತ್ತಿ ಮತ್ತು ರದ್ದತಿ

ನಾಯಕನು ಮತ್ತೆ ಮತ್ತೆ ಸಾಯುವುದು ನಮಗೆ ಹೊಸತೇನಲ್ಲ. ತಾಳಮದ್ದಳೆಯ ಕೂಟಗಳಲ್ಲಿ ಕರ್ಣಪರ್ವ ಎಷ್ಟೋ ರಾತ್ರಿಗಳಲ್ಲಿ ನಡೆದಿದೆ. ಕರ್ಣನು ಬದುಕುಳಿಯುವನೇ ಎಂಬ ಕುತೂಹಲದಿಂದ ಯಾರೂ ಅಲ್ಲಿಗೆ ಹೋಗುವುದಿಲ್ಲ. ಈ ರಾತ್ರಿಯ ಅರ್ಥಧಾರಿ ಆ ಸಾವಿಗೆ ಯಾವ ಮಾತನ್ನು ಹುಡುಕಿಕೊಡುತ್ತಾನೆಂಬುದೇ ಅಲ್ಲಿನ ಕುತೂಹಲ. ಅಂತ್ಯ ಸ್ಥಿರವಾಗಿರುವುದರಿಂದಲೇ ಮಾತಿಗೆ ಸ್ವಾತಂತ್ರ್ಯ ದೊರೆಯುತ್ತದೆ. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿಸಿದನು, ಅರ್ಜುನನನ್ನು ತನ್ನ ಆಶ್ರಯದಾತ ಅರಿಕೇಸರಿಯೊಡನೆ ಸಮೀಕರಿಸಿದನು. ಇಂಥ ದೊಡ್ಡ ಮಾರ್ಪಾಡುಗಳಿಗೆ ಕೈಹಾಕಿದ ಕವಿಯೂ ಕರ್ಣನ ಸಾವನ್ನು ಅಳಿಸಲಿಲ್ಲ. ಇದು ಪುನರಾವೃತ್ತಿ. ಕಾಮಿಕ್ಸಿನಲ್ಲಿ ನಡೆಯುವುದು ರದ್ದತಿ. ಒಂದೇ ಸಾವನ್ನು ಸಾವಿರ ಸಲ ಹೇಳುವುದಕ್ಕೂ, ಹೇಳಿದ ಸಾವನ್ನು ಸಂಭವಿಸಲಿಲ್ಲವೆಂದು ಹಿಂತೆಗೆದುಕೊಳ್ಳುವುದಕ್ಕೂ ಇರುವ ಅಂತರವನ್ನು ಗುರುತಿಸದೆ, ಸೂಪರ್‌ಹೀರೋ ಕಥನವನ್ನು ಆಧುನಿಕ ಪುರಾಣವೆಂದು ಸರಾಗವಾಗಿ ಕರೆದುಬಿಡುವುದು ತಪ್ಪಾಗುತ್ತದೆ.

ಹಾಗೆಂದು ನಮ್ಮ ಕಾವ್ಯಪರಂಪರೆಯಲ್ಲಿ ಪುನರುಜ್ಜೀವನವೇ ಇಲ್ಲವೆನ್ನುವುದೂ ಸರಿಯಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅರ್ಜುನನು ತನ್ನ ಮಗ ಬಭ್ರುವಾಹನನಿಂದಲೇ ಹತನಾಗಿ, ನಾಗಲೋಕದ ಸಂಜೀವಕ ಮಣಿಯಿಂದ ಮರಳಿ ಬದುಕುತ್ತಾನೆ. ಆದರೆ ಆ ಸಾವು ಗಂಗೆಯ ಶಾಪದ ಫಲ. ಶಾಪವಾದರೋ ಭೀಷ್ಮವಧೆಯ ಫಲ. ಕುರುಕ್ಷೇತ್ರದಲ್ಲಿ ತೀರದೆ ಉಳಿದ ಋಣವನ್ನು ಅರ್ಜುನನು ಮಗನ ಬಾಣಕ್ಕೆ ತಲೆಗೊಟ್ಟು ತೀರಿಸುತ್ತಾನೆ. ಎದ್ದುಬಂದ ಅರ್ಜುನನ ಹಿಂದೆ ಆ ಲೆಕ್ಕ ಚುಕ್ತಾ ಆಗಿರುತ್ತದೆ. ಸಾವು ಹಿಂದಿರುಗಿದರೂ ಅದರ ಫಲ ಹಿಂದಿರುಗುವುದಿಲ್ಲ. ಆದ್ದರಿಂದ ಸತ್ತವನು ಬದುಕಿಬಂದನೇ ಎಂಬುದು ಮುಖ್ಯ ಪ್ರಶ್ನೆಯಲ್ಲ. ಸಾವಿನ ಫಲ ಉಳಿಯಿತೇ ಎಂಬುದೇ ಮುಖ್ಯ.

ಭಾರತೀಯ ಓದುಗನ ಕಾಮಿಕ್ಸ್ ಅನುಭವದಲ್ಲಿಯೂ ಈ ಭೇದಕ್ಕೆ ನಿದರ್ಶನಗಳಿವೆ. ಟೈಮ್ಸ್ ಆಫ್ ಇಂಡಿಯಾ ಬಳಗವು 1964ರಿಂದ 1990ರವರೆಗೆ ಪ್ರಕಟಿಸಿದ ಇಂದ್ರಜಾಲ ಕಾಮಿಕ್ಸ್ ಲೀ ಫಾಕ್‌ನ ಫ್ಯಾಂಟಮ್‌ನನ್ನು ಇಲ್ಲಿ ಮನೆಮಾತಾಗಿಸಿತು. ಫ್ಯಾಂಟಮ್ ಸಾಯುವುದಿಲ್ಲವೆಂದು ಕಾಡಿನ ಜನ ನಂಬುತ್ತಾರೆ. ಓದುಗನಿಗೆ ಮಾತ್ರ ಇವನು ಇಪ್ಪತ್ತೊಂದನೆಯವನೆಂದೂ, ಹಿಂದಿನ ಇಪ್ಪತ್ತು ಮಂದಿ ಗುಹೆಯ ಸಮಾಧಿಗಳಲ್ಲಿರುವರೆಂದೂ ಗೊತ್ತು. ಮುಖವಾಡಕ್ಕೆ ಅಮರತ್ವ, ಅದನ್ನು ಧರಿಸಿದವನಿಗೆ ಮರಣ. ಅಮರ ಚಿತ್ರಕಥೆಯ ಮಾರ್ಗ ಇನ್ನೂ ಭಿನ್ನ. ಈ ಮಾಲೆಯ ಮೊದಲ ಹತ್ತು ಪುಸ್ತಕಗಳು 1965ರ ಸುಮಾರಿಗೆ ಬೆಂಗಳೂರಿನಲ್ಲಿ ಕನ್ನಡದಲ್ಲಿ ಹೊರಬಂದ ಪಾಶ್ಚಾತ್ಯ ಮಕ್ಕಳ ಕಥೆಗಳು. ಅನಂತ ಪೈಯವರ ಸಂಪಾದಕತ್ವದ ಇಂಗ್ಲಿಷ್ ಮಾಲೆ ಹನ್ನೊಂದನೆಯ ಸಂಖ್ಯೆಯ 'ಕೃಷ್ಣ'ದಿಂದ ಆರಂಭವಾಗುವುದು ಈ ಕಾರಣದಿಂದಲೇ. ಮುಂದೆ ಪುರಾಣಪುರುಷರನ್ನೂ ಚಾರಿತ್ರಿಕ ವ್ಯಕ್ತಿಗಳನ್ನೂ ಕುರಿತು ಬಂದ ಪುಸ್ತಕಗಳು ಒಂದಿಡೀ ಜೀವಿತವನ್ನು ಸಾಮಾನ್ಯವಾಗಿ 32 ಪುಟಗಳಲ್ಲಿ ಮುಗಿಸಿದವು. ಆ ಸಂಕ್ಷೇಪದ ದೋಷಗಳು ಏನೇ ಇರಲಿ, ಆ ಪುಟಗಳಲ್ಲಿ ಸತ್ತವನು ಮುಂದಿನ ಪುಸ್ತಕದಲ್ಲಿ ಎದ್ದುಬರುತ್ತಿರಲಿಲ್ಲ.

ಇತ್ತೀಚಿನ ಚಲನಚಿತ್ರಗಳು

ಈ ಮಾನದಂಡವನ್ನು ಇತ್ತೀಚಿನ ಕೆಲವು ಸಾಹಸ ಚಿತ್ರಗಳಿಗೆ ಅನ್ವಯಿಸಿ ನೋಡಬಹುದು. ಜೇಮ್ಸ್ ಮ್ಯಾಂಗೋಲ್ಡ್ ನಿರ್ದೇಶಿಸಿದ 2017ರ 'ಲೋಗನ್' ಈ ಪ್ರಕಾರದ ಅತ್ಯುತ್ತಮ ಚಿತ್ರಗಳಲ್ಲೊಂದು. ಗಾಯಗಳು ತಾವಾಗಿ ಮಾಯುತ್ತಿದ್ದ ವುಲ್ವರಿನ್‌ನ ದೇಹ ಇಲ್ಲಿ ಮುಪ್ಪಿಗೆ ಸಿಲುಕಿದೆ; ಗಾಯಗಳು ಮಾಯುತ್ತಿಲ್ಲ. ಅವನ ಬಗೆಗಿನ ಕಾಮಿಕ್ಸ್ ಪುಸ್ತಕಗಳೇ ಚಿತ್ರದೊಳಗೆ ಬರುತ್ತವೆ. ನಿಜ ಜಗತ್ತಿನಲ್ಲಿ ಜನ ಸಾಯುತ್ತಾರೆಂದು ಹೇಳಿ ಅವನು ಅವುಗಳನ್ನು ಹೀಗಳೆಯುತ್ತಾನೆ. ಕೊನೆಗೆ ಕಾಡಿನಲ್ಲಿ ಅವನ ಸಮಾಧಿಯಾಗುತ್ತದೆ. ಮಗಳ ಸ್ಥಾನದಲ್ಲಿರುವ ಲಾರಾ ಸಮಾಧಿಯ ಮೇಲಿನ ಶಿಲುಬೆಯನ್ನು ಓರೆಯಾಗಿ ತಿರುಗಿಸಿಟ್ಟು ಹೊರಡುತ್ತಾಳೆ. ಮಾತಿಲ್ಲದ ಆ ಒಂದು ಕ್ರಿಯೆಯಲ್ಲಿ ಹದಿನೇಳು ವರ್ಷಗಳ ಚಿತ್ರಮಾಲೆಯ ಭಾರವೆಲ್ಲ ಇಳಿಯುತ್ತದೆ.

ಏಳು ವರ್ಷಗಳ ಅನಂತರ, 2024ರ 'ಡೆಡ್‌ಪೂಲ್ ಅಂಡ್ ವುಲ್ವರಿನ್' ಚಿತ್ರ ಅದೇ ಸಮಾಧಿಯನ್ನು ಅಗೆಯುವ ದೃಶ್ಯದಿಂದ ಆರಂಭವಾಗುತ್ತದೆ. ವಿದೂಷಕ ನಾಯಕನು ಲೋಗನ್‌ನ ಲೋಹದ ಎಲುಬುಗಳನ್ನೇ ಆಯುಧವಾಗಿಸಿಕೊಂಡು ಹೋರಾಡುತ್ತಾನೆ. ನ್ಯಾಯವಾಗಿ ಹೇಳಬೇಕಾದರೆ, ಈ ಚಿತ್ರ ಹಿಂದಿನ ಸಾವನ್ನು ರದ್ದುಗೊಳಿಸುವುದಿಲ್ಲ. ಸತ್ತವನು ಸತ್ತೇ ಇದ್ದಾನೆ. ಬರುವವನು ಬೇರೊಂದು ವಿಶ್ವದ ವುಲ್ವರಿನ್. ಸಮಾಧಿಯನ್ನು ಅಗೆಯುವ ವ್ಯಾಪಾರದ ನಿರ್ಲಜ್ಜತೆಯನ್ನು ಚಿತ್ರ ತಾನೇ ಗೇಲಿಮಾಡುತ್ತದೆ. ಆದರೆ ಗೇಲಿಯಿಂದ ದೋಷ ಪರಿಹಾರವಾಗುವುದಿಲ್ಲ. ಅಸಂಖ್ಯ ವಿಶ್ವಗಳಲ್ಲಿ ಅಸಂಖ್ಯ ಲೋಗನ್‌ಗಳಿರುವರೆಂದಾದ ಮೇಲೆ ಒಬ್ಬನ ಸಾವು ತುಂಬಿಕೊಡಬಹುದಾದ ಖಾಲಿಜಾಗವಷ್ಟೇ ಆಗುತ್ತದೆ.

ಜೇಮ್ಸ್ ಬಾಂಡ್ ಮಾಲೆಯ ಉದಾಹರಣೆ ಇನ್ನೂ ಸರಳ. 2021ರ 'ನೋ ಟೈಮ್ ಟು ಡೈ' ಚಿತ್ರದಲ್ಲಿ ಬಾಂಡ್ ಕ್ಷಿಪಣಿಗಳ ದಾಳಿಗೆ ಸಿಕ್ಕಿ ಸಾಯುತ್ತಾನೆ. ಜೇಮ್ಸ್ ಬಾಂಡ್ ಮತ್ತೆ ಬರುವನೆಂಬ ವಾಡಿಕೆಯ ಭರವಸೆ ಚಿತ್ರದ ಅಂತ್ಯದಲ್ಲಿ ಯಥಾಪ್ರಕಾರ ಮೂಡುತ್ತದೆ. ಇದರಲ್ಲಿ ವಿರೋಧಾಭಾಸವಿದ್ದರೂ ವಂಚನೆಯಿಲ್ಲ. ಡೇನಿಯಲ್ ಕ್ರೇಗ್ ಐದು ಚಿತ್ರಗಳಲ್ಲಿ ನಿರ್ವಹಿಸಿದ ಬಾಂಡ್ ಒಂದು ಪೂರ್ಣ ಜೀವಿತ. ಮುಂದೆ ಬರುವವನು ಅದೇ ಹೆಸರಿನ ಮತ್ತೊಂದು ಜೀವಿತವಾಗುತ್ತಾನೆ. ಇದು ಫ್ಯಾಂಟಮ್‌ನ ಮಾರ್ಗಕ್ಕೂ ತಾಳಮದ್ದಳೆಯ ಮಾರ್ಗಕ್ಕೂ ಸಮೀಪವಾದುದು.

ಮಾರ್ವೆಲ್ ಚಿತ್ರಗಳನ್ನು ಕುರಿತು ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 2019ರಲ್ಲಿ ಆಡಿದ ಮಾತು ದೊಡ್ಡ ವಿವಾದವನ್ನೆಬ್ಬಿಸಿತು. ಅವುಗಳನ್ನು ಮನರಂಜನಾ ಉದ್ಯಾನಗಳಿಗೆ ಹೋಲಿಸಿದ ಆತ, ಅವುಗಳಲ್ಲಿ ಯಾವುದೂ ನಿಜವಾಗಿ ಅಪಾಯಕ್ಕೆ ಒಡ್ಡಿಕೊಳ್ಳುವುದಿಲ್ಲವೆಂದು ಆಕ್ಷೇಪಿಸಿದನು. ಆಕ್ಷೇಪ ಒಟ್ಟಾರೆಯಾಗಿ ಸರಿಯಾದರೂ ಅದೇ ವರ್ಷದ 'ಅವೆಂಜರ್ಸ್: ಎಂಡ್‌ಗೇಮ್' ಚಿತ್ರದ ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ಹಿಂದಿನ ಭಾಗದಲ್ಲಿ ಜೀವಕೋಟಿಯ ಅರ್ಧ ಅಳಿದಿದೆ. ಐದು ವರ್ಷಗಳು ಕಳೆದಿವೆ. ಕಾಲವನ್ನು ಹಿಂದಕ್ಕೆ ತಿರುಗಿಸಿ ಎಲ್ಲವನ್ನೂ ಅಳಿಸಿಬಿಡಬಹುದಾಗಿತ್ತು. ಆದರೆ ಆ ಐದು ವರ್ಷಗಳಲ್ಲಿ ಹುಟ್ಟಿದ ತನ್ನ ಮಗಳು ಉಳಿಯಲೇಬೇಕೆಂದು ಟೋನಿ ಸ್ಟಾರ್ಕ್ ಪಟ್ಟುಹಿಡಿಯುತ್ತಾನೆ. ಅಳಿದವರು ಮರಳುತ್ತಾರೆ, ಕಳೆದ ಕಾಲ ಮರಳುವುದಿಲ್ಲ. ಅದರ ಬೆಲೆಯಾಗಿ ಅವನು ಪ್ರಾಣ ಕೊಡುತ್ತಾನೆ. ಇಲ್ಲಿ ಫಲ ಉಳಿದಿದೆ. ಆ ಪಾತ್ರವನ್ನು ನಿರ್ವಹಿಸಿದ ರಾಬರ್ಟ್ ಡೌನಿ ಜೂನಿಯರ್ ಬೇರೊಂದು ಪಾತ್ರದಲ್ಲಿ ಮರಳುವನೆಂದು 2024ರಲ್ಲಿ ಘೋಷಿಸಲಾಯಿತು. ಪಾತ್ರದ ಸಾವನ್ನು ಉಳಿಸಿಕೊಂಡು ನಟನ ಮುಖವನ್ನು ಹಿಂದಕ್ಕೆ ತರುವ ಈ ಹೊಸ ಉಪಾಯ ಎಕೊನ ವಿಶ್ಲೇಷಣೆಗೆ ಒಂದು ಅನುಬಂಧವನ್ನೇ ಬೇಡುತ್ತದೆ.

ಟೆಲಿವಿಷನ್ ಕಂತುಗಳು

ಚಲನಚಿತ್ರಕ್ಕಿಲ್ಲದ ವಿರಾಮ ಧಾರಾವಾಹಿಗೆ ಇದೆ. ಸಾವಿನ ಘಟನೆಗಿಂತ ಸಾವಿನ ನಂತರದ ದಿನಗಳನ್ನು ತೋರಿಸಲು ಅದು ಹೆಚ್ಚು ಸಮರ್ಥ. 2021ರ 'ವಾಂಡಾವಿಷನ್' ಒಂಬತ್ತು ಕಂತುಗಳ ಧಾರಾವಾಹಿ. ಪ್ರಿಯಕರ ವಿಷನ್‌ನನ್ನು ಕಳೆದುಕೊಂಡ ವಾಂಡಾ ತನ್ನ ಮಾಂತ್ರಿಕ ಶಕ್ತಿಯಿಂದ ಊರೊಂದನ್ನು ಆವರಿಸಿ, ಅದರೊಳಗೆ ಹಳೆಯ ಟೆಲಿವಿಷನ್ ಹಾಸ್ಯ ಧಾರಾವಾಹಿಗಳ ಮಾದರಿಯ ಸಂಸಾರವನ್ನು ಹೂಡುತ್ತಾಳೆ. ಮೊದಲ ಕಂತುಗಳು ಕಪ್ಪುಬಿಳುಪಿನಲ್ಲಿದ್ದು, ಕಂತಿನಿಂದ ಕಂತಿಗೆ ಕಾಲಮಾನ ಮುಂದುವರಿಯುತ್ತದೆ. ಸತ್ತವನನ್ನು ಮರಳಿ ತರುವ ಆಸೆಯೇ ರೋಗವೆಂಬುದನ್ನು ಈ ಪ್ರಕಾರದ ಕೃತಿಯೊಂದು ತಾನೇ ಒಪ್ಪಿಕೊಂಡದ್ದು ಇಲ್ಲಿನ ವಿಶೇಷ. ಅವಳ ಶೋಕದ ಮೂಲವನ್ನು ಅರಸುವ ಎಂಟನೆಯ ಕಂತು ಧಾರಾವಾಹಿಯ ಶಿಖರ. ಒಂಬತ್ತನೆಯ ಕಂತು ಆಕಾಶದಲ್ಲಿನ ಮಾಂತ್ರಿಕ ಕಾಳಗಕ್ಕೆ ಹೊರಳಿ ಬಲಗುಂದುತ್ತದೆ. ಅವಳ ಶೋಕದೊಳಗೆ ಸೆರೆಯಾಗಿದ್ದ ಊರಿನ ಜನರ ನೋವಿಗೆ ತಕ್ಕ ಲೆಕ್ಕ ಸಲ್ಲುವುದಿಲ್ಲ. ಆದರೂ ವಾಂಡಾ ತನ್ನ ಕಲ್ಪಿತ ಸಂಸಾರವನ್ನು ತಾನೇ ಬಿಟ್ಟುಕೊಡುತ್ತಾಳೆ, ಏನನ್ನೋ ಕಲಿಯುತ್ತಾಳೆ. 2022ರ 'ಡಾಕ್ಟರ್ ಸ್ಟ್ರೇಂಜ್' ಚಿತ್ರದ ಎರಡನೆಯ ಭಾಗ ಅವಳನ್ನು ಮತ್ತೆ ಅದೇ ಆಸೆಯಿಂದ ಕುರುಡಾದ ಖಳಪಾತ್ರವನ್ನಾಗಿಸಿತು. ರದ್ದಾದುದು ಇಲ್ಲಿ ಸಾವಲ್ಲ, ಅವಳು ಕಲಿತ ಪಾಠ. ಕಥನದ ದೃಷ್ಟಿಯಿಂದ ಇದು ಹೆಚ್ಚಿನ ನಷ್ಟ.

ಇದಕ್ಕೆ ವಿರುದ್ಧ ನಿದರ್ಶನ 2019ರ 'ವಾಚ್‌ಮೆನ್'. ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ 1986-87ರಲ್ಲಿ ಹನ್ನೆರಡು ಸಂಚಿಕೆಗಳಲ್ಲಿ ಮುಗಿಸಿದ ಕಾಮಿಕ್ಸಿನ ಮುಂದಿನ ಕಥೆಯನ್ನು ಡೇಮನ್ ಲಿಂಡೆಲೋಫ್ ಒಂಬತ್ತು ಕಂತುಗಳಲ್ಲಿ ನಿರೂಪಿಸಿದನು. ಹಕ್ಕುಗಳ ವಿಷಯದಲ್ಲಿ ಪ್ರಕಾಶಕರೊಡನೆ ಮನಸ್ತಾಪವಿದ್ದ ಮೂರ್ ಇದರಿಂದ ದೂರವೇ ಉಳಿದನೆಂಬುದನ್ನು ಮರೆಯಬಾರದು. ಒಡೆತನದ ಹಳೆಯ ಪ್ರಶ್ನೆ ಇಲ್ಲಿಯೂ ಜೀವಂತವಾಗಿದೆ. ಧಾರಾವಾಹಿ ಆರಂಭವಾಗುವುದು 1921ರಲ್ಲಿ ಟಲ್ಸಾ ನಗರದಲ್ಲಿ ಬಿಳಿಯರ ಗುಂಪು ಕರಿಯರ ಬಡಾವಣೆಯನ್ನು ನಾಶಗೊಳಿಸಿದ ಚಾರಿತ್ರಿಕ ಹತ್ಯಾಕಾಂಡದಿಂದ. ಆರನೆಯ ಕಂತಿನಲ್ಲಿ ನಾಯಕಿ ಏಂಜೆಲಾ ತನ್ನ ತಾತನ ನೆನಪುಗಳೊಳಗೆ ಪ್ರವೇಶಿಸುತ್ತಾಳೆ. ಮೂಲ ಕಾಮಿಕ್ಸಿನಲ್ಲಿ ಗುರುತು ಖಚಿತವಾಗದೆ ಉಳಿದಿದ್ದ ಮೊದಲ ಮುಖವಾಡಧಾರಿಯು, ಸಹೋದ್ಯೋಗಿ ಪೊಲೀಸರಿಂದಲೇ ನೇಣಿಗೇರಿಸಲ್ಪಟ್ಟು ಕೂದಲೆಳೆಯಲ್ಲಿ ಪಾರಾದ ಕರಿಯ ಪೊಲೀಸನೆಂದು ತಿಳಿದುಬರುತ್ತದೆ. ಕೊರಳ ಹಗ್ಗ ಮತ್ತು ಮುಖದ ಗವಸು ವೇಷದ ಅಲಂಕಾರವಲ್ಲ, ಹಿಂಸೆಯ ಕುರುಹು. ಮೂಲದ ಒಂದು ಗೆರೆಯನ್ನೂ ಅಳಿಸದೆ ಅದರ ಅರ್ಥವನ್ನೆಲ್ಲ ತಿರುಗಿಸಿಬಿಟ್ಟ ಈ ಕಂತು, ನಮ್ಮ ಕವಿಗಳು ಮೂಲಕಥೆಯಲ್ಲಿ ತೋರುತ್ತಿದ್ದ ಪ್ರತಿಭೆಗೆ ಹತ್ತಿರದ ಕೌಶಲವನ್ನು ತೋರುತ್ತದೆ. ಹೇಳಬೇಕಾದುದನ್ನು ಹೇಳಿದ ಮೇಲೆ ಲಿಂಡೆಲೋಫ್ ಮುಂದುವರಿಸದೆ ನಿಲ್ಲಿಸಿದ್ದೂ ಗಮನಾರ್ಹ.

ನಿಯತಿಯ ಪ್ರಶ್ನೆ

2023ರ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್' ಎಂಬ ಆನಿಮೇಷನ್ ಚಿತ್ರ ಈ ಸಮಸ್ಯೆಯನ್ನೇ ತನ್ನ ವಸ್ತುವನ್ನಾಗಿಸಿಕೊಂಡಿದೆ. ಪ್ರತಿಯೊಂದು ವಿಶ್ವದ ಸ್ಪೈಡರ್‌ಮ್ಯಾನ್‌ಗೂ ಕೆಲವು ಸಾವುಗಳು ವಿಧಿಸಲ್ಪಟ್ಟಿವೆ. ಅವುಗಳನ್ನು ತಡೆದರೆ ವಿಶ್ವವೇ ಕುಸಿಯುವುದೆಂದು ಅವರಲ್ಲಿ ಬಹುಮಂದಿ ನಂಬುತ್ತಾರೆ. ಮುಂಬಯಿಯನ್ನೂ ಮ್ಯಾನ್‌ಹಟನ್ನನ್ನೂ ಬೆಸೆದ ಮುಂಬ್ಯಾಟನ್ ಎಂಬ ಕಲ್ಪಿತ ನಗರದಲ್ಲಿ, 2004ರ ಭಾರತೀಯ ಕಾಮಿಕ್ಸಿನಲ್ಲಿ ಹುಟ್ಟಿದ ಪವಿತ್ರ್ ಪ್ರಭಾಕರನ ಲೋಕದಲ್ಲಿ, ಮೈಲ್ಸ್ ಮೊರಾಲೆಸ್ ಎಂಬ ಬಾಲಕ ಅಂಥದೊಂದು ಸಾವನ್ನು ತಪ್ಪಿಸಿಬಿಡುತ್ತಾನೆ. ಮುಂದಿನ ಸಾವು ತನ್ನ ತಂದೆಯದೆಂದು ತಿಳಿದಾಗ ಅವನು ನಿಯಮವನ್ನೇ ಧಿಕ್ಕರಿಸುತ್ತಾನೆ. ಮೇಲ್ನೋಟಕ್ಕೆ ಇದು ರದ್ದತಿಯ ಪರವಾದ ವಾದ. ಆದರೆ ನಡೆದ ಸಾವನ್ನು ಹಿಂತೆಗೆದುಕೊಳ್ಳಲು ಅವನು ಕೇಳುತ್ತಿಲ್ಲ; ನಡೆಯಲಿರುವುದನ್ನು ಎದುರಿಸಲು ಹೊರಟಿದ್ದಾನೆ. ಕಥೆ ಹೀಗೆಯೇ ಇರತಕ್ಕದ್ದೆಂಬ ರೂಢಿಗೂ ಕಥೆಗೆ ಫಲವಿರಬೇಕೆಂಬ ನ್ಯಾಯಕ್ಕೂ ಇರುವ ವ್ಯತ್ಯಾಸವನ್ನು ಈ ಚಿತ್ರ ಸೂಕ್ಷ್ಮವಾಗಿ ಗ್ರಹಿಸಿದೆ. ಸಾವನ್ನು ಪವಿತ್ರೀಕರಿಸುವ ವಿಮರ್ಶಕನಿಗೆ ಇದೊಂದು ಎಚ್ಚರಿಕೆಯೂ ಹೌದು.

ಕನ್ನಡದ್ದೇ ಆದ ಪ್ರಶ್ನೆಯೊಂದು ಹೀಗೆ ನಮ್ಮೆದುರಿಗೆ ಬಂದು ನಿಲ್ಲುತ್ತದೆ. ಪ್ರಶಾಂತ್ ನೀಲ್ ನಿರ್ದೇಶನದ 'ಕೆ.ಜಿ.ಎಫ್.' ಚಿತ್ರದ ಎರಡು ಭಾಗಗಳು (2018, 2022) ಹಿಂದಿ, ತೆಲುಗು, ತಮಿಳು, ಮಲಯಾಳಂಗಳಲ್ಲಿಯೂ ಬಿಡುಗಡೆಗೊಂಡು ಹೊರನಾಡಿನ ಕನ್ನಡಿಗರಿಗೆ ನೆರೆಹೊರೆಯವರೊಡನೆ ಹಂಚಿಕೊಳ್ಳಬಹುದಾದ ಕಥೆಯಾದವು. ಬಡವನಾಗಿ ಸಾಯಬಾರದೆಂಬುದು ರಾಕಿಗೆ ತಾಯಿ ವಿಧಿಸಿದ ಮಾತು. ಎರಡನೆಯ ಭಾಗದ ಕೊನೆಯಲ್ಲಿ ಅವನು ತನ್ನ ಚಿನ್ನದೊಡನೆ ಕಡಲಿ‌ನಲ್ಲಿ ಮುಳುಗುತ್ತಾನೆ. ಭಾಷೆ ನೆರವೇರಿತು, ನೆರವೇರಿದ ಬಗೆಯಲ್ಲಿಯೇ ಅದರ ವ್ಯರ್ಥತೆಯೂ ಕಂಡಿತು. ಹಿಂಸೆಯ ವೈಭವೀಕರಣವನ್ನು ಕುರಿತ ಆಕ್ಷೇಪಗಳಿಗೆ ಆಧಾರವಿದ್ದರೂ ಚಿತ್ರಕ್ಕೆ ವೀರಗಾಥೆಯ ಕಳೆ ಬಂದಿರುವುದು ಈ ಅಂತ್ಯದಿಂದ. ಮೂರನೆಯ ಭಾಗದ ಸುಳಿವನ್ನೂ ಅದೇ ಚಿತ್ರ ಕೊನೆಯಲ್ಲಿ ಕೊಟ್ಟಿದೆ. ರಾಕಿ ಬದುಕಿಬಂದರೆ ತಾಯಿಗೆ ಕೊಟ್ಟ ಭಾಷೆಯ ಗತಿಯೇನೆಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಅಂಥ ಭಾಗವನ್ನು ರಚಿಸುವವರ ಮೇಲಿರುತ್ತದೆ.

ಇಷ್ಟನ್ನು ಗಮನಿಸಿದ ಮೇಲೆ ಸಂಶೋಧಕರು ಅನುಸರಿಸಬಹುದಾದ ದಾರಿ ಒಂದಿಷ್ಟು ಸ್ಪಷ್ಟವಾಗುತ್ತದೆ. ಬಿಡಿ ಸಂಚಿಕೆ, ಕಂತು ಅಥವಾ ಭಾಗವನ್ನು ಮುಗಿದ ಕೃತಿಯೆಂದು ಭಾವಿಸಿ ತೀರ್ಪು ಕೊಡುವುದು ಸಾಲದು. ಇಡೀ ಮಾಲೆಯನ್ನು ಸರಕೆಂದು ತಳ್ಳಿಹಾಕುವುದೂ ಸಲ್ಲದು. ಹಿಂದಿನ ಘಟನೆಯ ಫಲವನ್ನು ಮುಂದಿನದು ಹೊತ್ತು ನಡೆಯುತ್ತದೆಯೇ, ಇಳಿಸಿ ಹೋಗುತ್ತದೆಯೇ ಎಂಬುದನ್ನು ನೋಡಬೇಕು. ಹಾಗೆ ನೋಡುವಾಗ ನಾಯಕನ ದುಃಖದಷ್ಟೇ ಊರಿನ ಜನರ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು; ಅಳಿಸುವ, ಉಳಿಸುವ ಅಧಿಕಾರ ಲೇಖಕನದೋ, ಒಡೆಯನದೋ, ದೂರವಾಣಿ ಎತ್ತಿದ ಓದುಗನದೋ ಎಂಬುದನ್ನೂ ವಿಚಾರಿಸಬೇಕು. ಔಚಿತ್ಯವೆಂಬ ನಮ್ಮ ಹಳೆಯ ಪರಿಭಾಷೆ ಈ ವಿಚಾರಣೆಗೆ ಇನ್ನೂ ಒದಗಿಬರುತ್ತದೆ.

ದುರ್ಯೋಧನನು ಮುಂದಿನ ಭಾಗದಲ್ಲಿ ಬರುವನೇ ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ ಅದನ್ನು ಅಜ್ಞಾನವೆಂದು ಗದರಿಸುವ ಬದಲು ಆ ಪ್ರಶ್ನೆಯಿಂದಲೇ ಪಾಠವನ್ನು ಆರಂಭಿಸಬಹುದು. ಅವನು ಬರುವುದಿಲ್ಲ, ಆದ್ದರಿಂದಲೇ ಸಾವಿರ ವರ್ಷಗಳಿಂದ ನಾವು ಅವನಲ್ಲಿಗೆ ಹೋಗುತ್ತಿದ್ದೇವೆ.